ಕಾಂಪೌಂಡು ಗೋಡೆಯ ಬಣ್ಣದ ಲೆಕ್ಕ

ಬೆಂಗಳೂರಿನ ಹೊರವಲಯದಲ್ಲಿ ಸ್ವಂತ ಮನೆ ಕಟ್ಟಿಸುವ ಗೃಹಸ್ಥನು, ತಳಪಾಯಕ್ಕೆಂದು ತೆಗೆದಿರಿಸಿದ ಹಣವನ್ನು ತಳಪಾಯಕ್ಕೂ ತಾರಸಿಗೆಂದು ತೆಗೆದಿರಿಸಿದುದನ್ನು ತಾರಸಿಗೂ ಸುರಿದು, ಮಿಕ್ಕುದೆಲ್ಲವೂ ಮರಗೆಲಸ, ವೈರಿಂಗು, ನಲ್ಲಿ, ನೆಲಗಲ್ಲುಗಳಲ್ಲಿ ಕರಗಿಹೋದ ತರುವಾಯ, ಕಟ್ಟಕಡೆಗೆ ಕೈಹಚ್ಚುವ ಕಾರ್ಯವೊಂದುಂಟು. ಅದೇ ಕಾಂಪೌಂಡು ಗೋಡೆ. ಆ ವೇಳೆಗೆ ಗೃಹಪ್ರವೇಶದ ಲಗ್ನ ನಿಶ್ಚಯವಾಗಿರುತ್ತದೆ, ಆಹ್ವಾನಪತ್ರಿಕೆ ಹಂಚಿಯಾಗಿರುತ್ತದೆ, ಬೀಗರು ಬಸ್ಸು ಹತ್ತುವ ದಿನವೂ ಗೊತ್ತಾಗಿರುತ್ತದೆ; ಆದುದರಿಂದ ಗಾರೆಯ ಹಸಿ ಆರುವ ಮೊದಲೇ ಅದರ ಮೇಲೆ ಬಣ್ಣ ಬೀಳುತ್ತದೆ. ಹಣದ ಸರದಿಯಲ್ಲಿ ಎಲ್ಲಕ್ಕಿಂತ ಹಿಂದೆಯೂ ನೋಟದ ಸರದಿಯಲ್ಲಿ ಎಲ್ಲಕ್ಕಿಂತ ಮುಂದೆಯೂ ನಿಲ್ಲುವ ಈ ಗೋಡೆಯು, ಎರಡು ಮಳೆಗಾಲಗಳಲ್ಲಿ ಬೊಬ್ಬೆಯೆದ್ದು ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿದಾಗ, ಯಜಮಾನನು ಕೇಳುವ ಪ್ರಶ್ನೆ ಒಂದೇ: ಮತ್ತೆ ಬಳಿಸಲು ಎಷ್ಟು ತಗುಲೀತು?

ಈ ಪ್ರಶ್ನೆಗೆ ಅಂಗಡಿಯವನು ಲೀಟರಿನ ಲೆಕ್ಕದಲ್ಲಿ ಉತ್ತರ ಕೊಡುತ್ತಾನೆ. ಪೇಂಟಿಂಗ್ ಮೇಸ್ತ್ರಿ ಚದರಡಿಯ ಲೆಕ್ಕದಲ್ಲಿ ಕೊಡುತ್ತಾನೆ. ಕೂಲಿಯಾಳು ದಿನದ ಲೆಕ್ಕದಲ್ಲಿ ಕೊಡುತ್ತಾನೆ. ಮೂರೂ ಸತ್ಯವೇ. ಆದರೆ ಬಳಿಸಿದ ಬಣ್ಣವು ಎಷ್ಟು ವರ್ಷ ನಿಂತಿತೆಂಬುದರಿಂದ ಒಟ್ಟು ವೆಚ್ಚವನ್ನು ಭಾಗಿಸಿ ನೋಡಿದ ಹೊರತು, ಯಾವುದು ಅಗ್ಗ ಯಾವುದು ದುಬಾರಿ ಎಂಬುದು ತಿಳಿಯತಕ್ಕದ್ದಲ್ಲ. ಕಾಂಪೌಂಡಿನ ವಿಷಯದಲ್ಲಾದರೋ ಆ ವರ್ಷಗಳನ್ನು ನಿರ್ಣಯಿಸುವುದು ಬಣ್ಣದ ಡಬ್ಬಿಗಿಂತ ಹೆಚ್ಚಾಗಿ ಗೋಡೆಯೊಳಗಣ ನೀರು ಎಂಬುದು ನನ್ನ ಅಭಿಪ್ರಾಯ.

ಈ ಸೀಮೆಯಲ್ಲಿ ಬೇಲಿಯೆಂಬುದು ಪೂರ್ವದಲ್ಲಿ ಬಣ್ಣದ ಮಾತಿಗೆ ಸಿಕ್ಕುವಂಥದೇ ಆಗಿರಲಿಲ್ಲ. ಹೊಲಗಳ ಅಂಚಿನಲ್ಲಿ ಕತ್ತಾಳೆ, ಕಳ್ಳಿ, ಲಂಟಾನ. ತೋಟಗಳ ಸುತ್ತ ಆಳೆತ್ತರಕ್ಕೆ ನೆಟ್ಟ ಕಲ್ಲುಚಪ್ಪಡಿ. ಬೆಂಗಳೂರಿನ ಸುತ್ತಣ ಹಾಸುಬಂಡೆಯನ್ನು ಬೆಂಕಿಯಿಂದ ಕಾಯಿಸಿ, ಬೆಣೆ ಹೊಡೆದು, ಪದರ ಪದರವಾಗಿ ಎಬ್ಬಿಸಬಲ್ಲ ಕಲ್ಲುಕುಟಿಗರು ಇದ್ದುದರಿಂದ, ಕಲ್ಲಿನ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಆ ಬೇಲಿ ಇಲ್ಲಿಯ ನೆಲದ ಗುರುತೇ ಆಗಿದ್ದಿತು. ಅದಕ್ಕೆ ಬಣ್ಣದ ಹಂಗಿಲ್ಲ, ಗೆದ್ದಲಿನ ಭಯವಿಲ್ಲ, ತುಕ್ಕಿನ ಚಿಂತೆಯಿಲ್ಲ. ಅಂಥ ಬೇಲಿಯ ಹೊಲಗಳೇ ಮುಂದೆ ಹೊರವಲಯದ ಊರುಗಳಾದುವು. ವೈಟ್‌ಫೀಲ್ಡ್ ಎಂಬುದು 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ಕೃಷಿವಸಾಹತಿಗೆಂದು ಕೊಟ್ಟ ನೆಲದಲ್ಲಿ, ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ಹುಟ್ಟಿದ ಊರು. ಎಲೆಕ್ಟ್ರಾನಿಕ್ ಸಿಟಿಯು 1970ರ ದಶಕದಲ್ಲಿ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಗಳಲ್ಲಿ ನೆಲೆಗೊಳಿಸಿದುದು. ಪೀಣ್ಯವೂ ಅದೇ ದಶಕದಲ್ಲಿ ಕಾರ್ಖಾನೆಗಳ ಬೀಡಾಗಿ ಬೆಳೆಯಿತು. ಮೂರು ಕಡೆಯೂ ಮೊದಲು ಹೊಲ, ಆಮೇಲೆ ಲೇಔಟು, ಆಮೇಲೆ ಸೈಟು. ಸೈಟಿನ ಹಿಂದೆಯೇ ಗೋಡೆ.

ಹೊಲವು ಸೈಟಾದ ಮರುದಿನವೇ ಗೋಡೆ ಏಳುವುದಿಲ್ಲ. ಮೊದಲು ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅಕ್ಕಪಕ್ಕದವರ ಮೇಲೆ ಸಂಶಯ ಹುಟ್ಟಿದ ಮೇಲೆ ಮುಳ್ಳುತಂತಿ. ಅದೂ ಸಾಲದೆಂದು ತೋರಿದಾಗ ಕಾಂಕ್ರೀಟು ಕಂಬಗಳ ನಡುವೆ ಹಲಗೆಗಳನ್ನು ಇಳಿಬಿಟ್ಟ ‘ರೆಡಿಮೇಡ್ ಕಾಂಪೌಂಡು’. ಇದರ ಮೇಲೆ ಬೀಳುವ ಮೊದಲ ಬಣ್ಣವು ಅಲಂಕಾರದ್ದಲ್ಲ, ವ್ಯಾಜ್ಯದ್ದು: ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂಬ ಕೆಂಪಕ್ಷರಗಳು, ಕೆಳಗೊಂದು ದೂರವಾಣಿ ಸಂಖ್ಯೆ. ಸಾಲ ಮಂಜೂರಾಗಿ ಮನೆಯೆದ್ದ ಮೇಲೆಯೇ ಸಿಮೆಂಟು ಇಟ್ಟಿಗೆಯ ನಿಜವಾದ ಗೋಡೆ.

ಇನ್ನು ಲೆಕ್ಕಕ್ಕೆ ಬರೋಣ. ಈ ಊರಿನ ಮಧ್ಯಮವರ್ಗದ ಪರಿಮಾಣವಾದ 30×40 ಅಡಿಯ ಸೈಟನ್ನೇ ಹಿಡಿಯಿರಿ. ಸುತ್ತಳತೆ 140 ಅಡಿ. ಅದರಲ್ಲಿ ಗೇಟಿಗೆ 10 ಅಡಿ ಬಿಟ್ಟರೆ ಗೋಡೆ 130 ಅಡಿ. ಎತ್ತರ 5 ಅಡಿಯಾದರೆ ಒಳಮೈ 650 ಚದರಡಿ. ಗೋಡೆಯ ನೆತ್ತಿಯ ಅಗಲ ಅರ್ಧ ಅಡಿಯಂತೆ 65 ಚದರಡಿ. ರಸ್ತೆಯ ಕಡೆಗೆ ಕಾಣುವ ಹೊರಮೈ 20 ಅಡಿ ಉದ್ದ, ಎಂದರೆ 100 ಚದರಡಿ. ಒಟ್ಟು 815. ಉಳಿದ ಮೂರು ದಿಕ್ಕುಗಳ ಹೊರಮೈ, ಅಂದರೆ ಇನ್ನೂ 550 ಚದರಡಿ, ನೆರೆಯವರ ಕಡೆಗೆ ಮುಖಮಾಡಿರುವುದರಿಂದ ಯಾರ ಲೆಕ್ಕದಲ್ಲಿಯೂ ಸೇರುವುದಿಲ್ಲ. ಈ ಅನಾಥ ಮುಖದ ವಿಚಾರವನ್ನು ಮುಂದೆ ಹೇಳುವೆನು.

ಹೊರಗೋಡೆಯ ಎಮಲ್ಷನ್ ಬಣ್ಣವು ಎರಡು ಕೋಟು ಬಳಿದರೆ ಲೀಟರಿಗೆ ಸುಮಾರು 50ರಿಂದ 60 ಚದರಡಿ ಹಬ್ಬುತ್ತದೆ. ಸ್ಪಂಜಿನಿಂದ ಒರಟಾಗಿ ಮುಗಿಸಿದ ಗಾರೆಯಾದರೆ ಕೆಳಗಿನ ಅಂಕೆಯನ್ನೇ ಹಿಡಿಯುವುದು ಕ್ಷೇಮ. ಹಾಗಾದರೆ 16 ಚಿಲ್ಲರೆ ಲೀಟರು ಸಾಲುತ್ತದೆ. ಆದರೆ ಬಿಡಿಯಾಗಿ ಕೊಳ್ಳುವುದಕ್ಕಿಂತ 20 ಲೀಟರಿನ ಬಕೆಟು ಲಾಭವೆಂದು ಅಂಗಡಿಯಲ್ಲಿ ಅದನ್ನೇ ಕೊಡುತ್ತಾರೆ. ಲೀಟರಿಗೆ 300 ರೂಪಾಯಿಯೆಂದು ಊಹಿಸಿಕೊಂಡರೆ 6,000. ಪ್ರೈಮರು 8 ಲೀಟರು, 150ರಂತೆ 1,200. ಬಿರುಕು ತುಂಬುವ ಪುಟ್ಟಿ, ಎಮರಿ ಕಾಗದ, ಬ್ರಷ್ಷು, ರೋಲರು 1,000. ಇಬ್ಬರು ಪೇಂಟರುಗಳು ನಾಲ್ಕು ದಿನ, ಆಳಿಗೆ 900ರಂತೆ 7,200. ಗೇಟಿನ ಪ್ರೈಮರು, ಎನಾಮೆಲ್, ಥಿನ್ನರು ಸೇರಿ 700. ಅದಕ್ಕೆ ಎರಡು ಆಳಿನ ಕೂಲಿ 1,800. ಎಲ್ಲ ಕೂಡಿ 17,900 ರೂಪಾಯಿ. ಇವು ಲೆಕ್ಕ ತೋರಿಸಲು ನಾನು ಇಟ್ಟುಕೊಂಡ ದರಗಳು. ಓದುಗರು ತಮ್ಮ ಬೀದಿಯ ದರವನ್ನು ಹಾಕಿಕೊಳ್ಳಬಹುದು. ಬಣ್ಣದ ಮೇಲಿನ ಜಿಎಸ್‌ಟಿ 2017ರಲ್ಲಿ ಶೇಕಡ 28 ಇದ್ದುದು 2018ರ ಜುಲೈನಲ್ಲಿ 18ಕ್ಕಿಳಿಯಿತು. ಅದು ಡಬ್ಬಿಯ ಮೇಲೆ ಅಚ್ಚಾದ ಬೆಲೆಯಲ್ಲಿಯೇ ಅಡಗಿರುತ್ತದೆ.

ಈ ಲೆಕ್ಕದಲ್ಲಿ ಗಮನಿಸಬೇಕಾದುದೇನೆಂದರೆ, ಒಟ್ಟು ವೆಚ್ಚದಲ್ಲಿ ಸರಿಸುಮಾರು ಅರ್ಧಭಾಗವು, ಎಂದರೆ 9,000 ರೂಪಾಯಿ, ಕೂಲಿಯೇ ಆಗಿರುವುದು. ಲೀಟರಿಗೆ 100 ರೂಪಾಯಿ ಕಡಮೆಯ ಬಣ್ಣವನ್ನು ತಂದು ‘ಮೂರರಲ್ಲೊಂದು ಪಾಲು ಉಳಿಸಿದೆ’ನೆಂದು ಹಿಗ್ಗುವಾತನು ವಾಸ್ತವವಾಗಿ ಉಳಿಸಿದುದು 2,000 ರೂಪಾಯಿ, ಎಂದರೆ ಒಟ್ಟಿನ ಒಂಬತ್ತರಲ್ಲೊಂದು ಪಾಲು ಮಾತ್ರ. ಒಳ್ಳೆಯ ಬಣ್ಣ ಐದು ವರ್ಷ ನಿಂತರೆ ವರ್ಷಕ್ಕೆ ಬೀಳುವುದು 3,580. ಅಗ್ಗದ್ದು ಮೂರೇ ವರ್ಷ ಬಾಳಿದರೆ ವರ್ಷಕ್ಕೆ 5,300. ಅಗ್ಗದ ಬಣ್ಣವನ್ನು ಬಳಿಯಲು ಪೇಂಟರು ಅಗ್ಗವಾಗಿ ಬರುವುದಿಲ್ಲವಷ್ಟೆ.

ಹಾಗಾದರೆ ದುಬಾರಿ ಬಣ್ಣವೇ ಪರಿಹಾರವೆ? ಅಂಗಡಿಯವನು ಹೌದೆನ್ನುವನು; ಗೋಡೆ ಅಲ್ಲವೆನ್ನುವುದು. ಒಂದೇ ಬಕೆಟಿನಿಂದ ಒಂದೇ ದಿನ ಬಳಿದ ಮನೆಯ ಗೋಡೆಯೂ ಕಾಂಪೌಂಡು ಗೋಡೆಯೂ ಏಕೆ ಸಮಾನವಾಗಿ ಬಾಳುವುದಿಲ್ಲವೆಂಬುದನ್ನು ವಿಚಾರಿಸಿದರೆ ಈ ವಿಷಯದ ಮರ್ಮ ತಿಳಿದುಬರುತ್ತದೆ. ಮನೆಯ ಗೋಡೆಗೆ ನೆತ್ತಿಯ ಮೇಲೆ ತಾರಸಿಯಿದೆ, ಕಿಟಕಿಗಳ ಮೇಲೆ ಸಜ್ಜಾ ಇದೆ, ಬೆನ್ನಿಗೆ ಒಣಗಿದ ಕೋಣೆಯಿದೆ, ಅಡಿಯಲ್ಲಿ ನೆಲದ ತೇವವನ್ನು ತಡೆಯುವ ಕಾಂಕ್ರೀಟಿನ ಪಟ್ಟಿಯಿದೆ. ಕಾಂಪೌಂಡಿಗೆ ಈ ನಾಲ್ಕರಲ್ಲಿ ಒಂದೂ ಇಲ್ಲ. ಮಳೆ ಎರಡು ಮುಖಕ್ಕೂ ಹೊಡೆಯುತ್ತದೆ, ನೆತ್ತಿಯ ಬಿರುಕಿನಲ್ಲಿ ಇಳಿಯುತ್ತದೆ. ಅಡಿಯಿಂದ ನೆಲದ ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳ ಮೂಲಕ, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಮೇಲೇರುತ್ತದೆ. ಏರಿದ ನೀರು ಹೊರಬೀಳಲು ದಾರಿ ಹುಡುಕುವಾಗ ಎದುರಿಗೆ ಸಿಕ್ಕುವುದು ಬಣ್ಣದ ಪೊರೆ. ಪೊರೆ ಬಿಗಿಯಾದಷ್ಟೂ ಹಿಂದಿನ ಒತ್ತಡ ಹೆಚ್ಚು. ಕೊನೆಗೆ ಬೊಬ್ಬೆಯೆದ್ದು ಒಡೆಯುವುದು ಬಣ್ಣವೇ ಹೊರತು ನೀರಲ್ಲ.

ನೀರಿನೊಡನೆ ಉಪ್ಪೂ ಬರುತ್ತದೆ. ಕಾವೇರಿಯ ಐದನೆಯ ಹಂತದ ನೀರು 110 ಹಳ್ಳಿಗಳ ಹೆಸರಿನಲ್ಲಿ ಈ ಹೊರವಲಯಕ್ಕೆ ಹರಿಯತೊಡಗಿದುದು 2024ರ ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ಇಲ್ಲಿಯ ಬಹುಪಾಲು ಮನೆಗಳು ಎದ್ದುದೇ ಕೊಳವೆಬಾವಿಯ, ಟ್ಯಾಂಕರಿನ ಗಡಸುನೀರಿನಿಂದ. ಗಾರೆ ಕಲಸಲು, ಕ್ಯೂರಿಂಗಿಗೆ, ಬುಡದ ಹೂಗಿಡಗಳಿಗೆ ಸುರಿದ ಆ ನೀರಿನ ಲವಣಗಳು ಬಿಸಿಲು ಬಿದ್ದಾಗ ಗೋಡೆಯ ಮೇಲ್ಮೈಗೆ ಬಂದು ಬಿಳಿಯ ಹಿಟ್ಟಿನಂತೆ ಅರಳುತ್ತವೆ. ಹಳಬರು ಇದನ್ನು ಚೌಳು ಹಿಡಿಯಿತೆನ್ನುತ್ತಾರೆ. ಗಾರೆಯ ಕಣಗಳ ನಡುವೆ ಹರಳುಗಟ್ಟಿದ ಉಪ್ಪು ಹಿಗ್ಗುವಾಗ ಗಾರೆಯೇ ಪುಡಿಯಾಗುವುದುಂಟು. ಅಂಥ ಪುಡಿಯ ಮೇಲೆ ಬಳಿದ ಬಣ್ಣ, ಅದು ಎಷ್ಟೇ ಬೆಲೆಯದಾಗಲಿ, ಪುಡಿಗೆ ಅಂಟಿರುತ್ತದೆಯೇ ಹೊರತು ಗೋಡೆಗಲ್ಲ.

ಆದುದರಿಂದ ಬಣ್ಣಕ್ಕೆ ಕೈಹಾಕುವ ಮುನ್ನ ಮಾಡತಕ್ಕ ಕೆಲಸಗಳಿವೆ. ಅವು ಮೇಸ್ತ್ರಿಯ ಕೊಟೇಷನ್ನಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗೋಡೆಯ ನೆತ್ತಿಗೆ ಒಂದು ಕಡೆಗೆ ಇಳಿಜಾರು ಕೊಟ್ಟು ಗಾರೆ ಹಾಕಿಸಿ, ಎರಡು ಕಡೆಯೂ ಎರಡು ಬೆರಳಷ್ಟು ಮುಂಚಾಚಿಸಿ, ಚಾಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಎಳೆಸಿದರೆ, ಮಳೆಯ ನೀರು ಗೋಡೆಯ ಮೈಯನ್ನು ನೆಕ್ಕುತ್ತ ಇಳಿಯುವ ಬದಲು ದೂರಕ್ಕೆ ತೊಟ್ಟಿಕ್ಕುತ್ತದೆ. ಬುಡದ ಎರಡಡಿಯ ಸತ್ತ ಗಾರೆಯನ್ನು ಕೆತ್ತಿಸಿ, ಜಲರೋಧಕ ಬೆರೆಸಿದ ಹೊಸ ಗಾರೆ ಹಾಕಿಸಬೇಕು. ಗೋಡೆಗೆ ಒರಗಿಸಿ ರಾಶಿ ಹಾಕಿದ ಮಣ್ಣನ್ನು ತೆಗೆಸಬೇಕು. ಇದಕ್ಕೆಲ್ಲ ಇನ್ನೂ 8,000 ಆಯಿತೆನ್ನಿ, ಒಟ್ಟು 25,900. ದುಬಾರಿಯೆಂದು ತೋರುವ ಈ ಮೊತ್ತವು, ಬಣ್ಣವು ಎಂಟು ವರ್ಷ ನಿಂತ ಪಕ್ಷದಲ್ಲಿ, ವರ್ಷಕ್ಕೆ 3,240ರಷ್ಟಾಗಿ ಎಲ್ಲಕ್ಕಿಂತ ಅಗ್ಗದ್ದೆನಿಸುತ್ತದೆ. ಕಂಪನಿಗಳು ಕೊಡುವ ಖಾತರಿಯನ್ನು ನಂಬಿ ಇದನ್ನು ಕೈಬಿಡುವವರು ಖಾತರಿಪತ್ರದ ಸಣ್ಣಕ್ಷರಗಳನ್ನು ಒಮ್ಮೆ ಓದಬೇಕು. ಕಾಂಪೌಂಡು ಗೋಡೆಯೂ ನೆಲದ ತೇವವೂ ಅದರೊಳಗೆ ಸೇರಿವೆಯೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯತಕ್ಕದ್ದು.

ನಮ್ಮ ಹಿರಿಯರು ಈ ಕಷ್ಟವನ್ನು ಬೇರೊಂದು ದಾರಿಯಲ್ಲಿ ನಿವಾರಿಸಿಕೊಂಡಿದ್ದರು. ಅವರು ನೀರನ್ನು ತಡೆಯಲು ಹೋಗಲಿಲ್ಲ. ಬಂದ ದಾರಿಯಲ್ಲಿಯೇ ಹೋಗಬಿಟ್ಟರು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಬೆಳ್ಳಗೆ ಹೊಳೆಯಲೆಂದು ಚಿಟಿಕೆ ನೀಲಿ ಹಾಕಿ ಬಳಿದ ಸುಣ್ಣವು, ಗಾಳಿಯ ಇಂಗಾಲಾಮ್ಲವನ್ನು ಹೀರಿ ಪುನಃ ಕಲ್ಲೇ ಆಗುತ್ತದೆ. ಆದರೂ ಅದರ ರಂಧ್ರಗಳು ಮುಚ್ಚುವುದಿಲ್ಲವಾದ್ದರಿಂದ ಗೋಡೆಯ ತೇವ ತಡೆಯಿಲ್ಲದೆ ಆವಿಯಾಗಿ ಹೋಗುತ್ತದೆ. ತಿಳಿ ಹಸುರು ಬೇಕಾದವರು ಮೈಲುತುತ್ತ ಬೆರೆಸುತ್ತಿದ್ದರು. ಕೆಂಪು ಬೇಕಾದವರು ಕೆಮ್ಮಣ್ಣು. ಸುಣ್ಣ ವರ್ಷಕ್ಕೊಮ್ಮೆ ಮಾಸುತ್ತಿತ್ತು, ನಿಜ; ಆದರೆ ವರ್ಷಕ್ಕೊಮ್ಮೆ ಹಬ್ಬವೂ ಬರುತ್ತಿತ್ತು, ಮನೆಯವರೇ ಬಳಿಯುತ್ತಿದ್ದರು. ಕೂಲಿಯೆಂಬ ಅರ್ಧಭಾಗವು ಆ ಲೆಕ್ಕದಲ್ಲಿ ಇರಲೇ ಇಲ್ಲ. ಸುಣ್ಣದ ತರುವಾಯ ಬಿಳಿಯ ಸಿಮೆಂಟಿನ ಪುಡಿಬಣ್ಣ ಬಂದಿತು; ಅದೂ ಉಸಿರಾಡುವಂಥದೇ, ಆದರೆ ಬಳಿದ ಮೇಲೆ ನೀರು ಚಿಮುಕಿಸಿ ಕ್ಯೂರಿಂಗು ಮಾಡದಿದ್ದರೆ ಕೈಗೆ ಪುಡಿ ಅಂಟುತ್ತದೆ. ಬಳಿಕ ಪ್ಲಾಸ್ಟಿಕ್ಕಿನ ಕುಲದ ಎಮಲ್ಷನ್ನುಗಳು ಬಂದು ಅವೆರಡನ್ನೂ ಬಡವರ ಬಣ್ಣವಾಗಿಸಿದುವು. ಕಾಂಪೌಂಡಿನ ಹಿಂಬದಿಗೂ ಪಕ್ಕದ ಓಣಿಗೂ ಇಂದಿಗೂ ಸುಣ್ಣ ಅಥವಾ ಸಿಮೆಂಟು ಬಣ್ಣವನ್ನೇ ಬಳಿಸಿ, ಬೀದಿಯ ಮುಖಕ್ಕೆ ಮಾತ್ರ ಎಮಲ್ಷನ್ ಇಟ್ಟುಕೊಳ್ಳುವುದು ಬುದ್ಧಿವಂತಿಕೆಯೆಂದು ನಾನು ಬಲ್ಲೆನು. ಒಂದು ಎಚ್ಚರಿಕೆಯೆಂದರೆ, ಸುಣ್ಣ ಬಳಿದ ಗೋಡೆಗೆ ಮುಂದೆ ಎಂದಾದರೂ ಎಮಲ್ಷನ್ ಬಳಿಸಬೇಕಾದರೆ ಹಳೆಯ ಸುಣ್ಣವನ್ನು ಪೂರ್ತಿಯಾಗಿ ಕೆರೆದು ತೆಗೆಸಲೇಬೇಕು.

ಬಣ್ಣದ ಉದ್ಯಮವು ಕನ್ನಡನಾಡಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದೀಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆ. ಬೆರಳಿನ ಮೇಲೆ ವಾರಗಟ್ಟಲೆ ನಿಲ್ಲುವ ಬಣ್ಣವನ್ನು ಮಾಡಬಲ್ಲ ನಾಡಿನಲ್ಲಿ ಗೋಡೆಯ ಬಣ್ಣ ನಿಲ್ಲುವುದಿಲ್ಲವೆಂದು ಕೊರಗುವವರನ್ನು ಕಂಡರೆ ನಗೆ ಬರುತ್ತದೆ. ಏಷ್ಯನ್ ಪೇಂಟ್ಸಿನ ಡಬ್ಬಿಗಳ ಮೇಲೆ ಬ್ರಷ್ಷು ಹಿಡಿದು ನಿಂತಿದ್ದ ‘ಗಟ್ಟು’ ಎಂಬ ತುಂಟ ಹುಡುಗನನ್ನು 1954ರಲ್ಲಿ ಬರೆದವರೂ ಮೈಸೂರಿನ ಆರ್. ಕೆ. ಲಕ್ಷ್ಮಣರೇ.

ಇನ್ನು ಕಾಲದ ವಿಚಾರ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಆಯುಧಪೂಜೆಗೆ ಮುಂಚಿನ ವಾರ ನೋಡಬೇಕು: ಲೇತು ಮಿಲ್ಲಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗೋಡೆಗೆ ಬಣ್ಣ ಬಳಿದು, ಗೇಟಿಗೆ ಎನಾಮೆಲ್ ಹಚ್ಚಿ, ಬಾಳೆಕಂದು ಕಟ್ಟುತ್ತಾರೆ. ವಸತಿ ಬಡಾವಣೆಗಳಲ್ಲಿಯೂ ದಸರೆ ದೀಪಾವಳಿಗಳೇ ಬಣ್ಣದ ಸುಗ್ಗಿ. ಪೇಂಟರು ಸಿಕ್ಕುವುದೇ ಕಷ್ಟ, ಸಿಕ್ಕಿದರೆ ಕೇಳಿದ್ದೇ ಕೂಲಿ. ದುರ್ದೈವವೆಂದರೆ ಬೆಂಗಳೂರಿನಲ್ಲಿ ವರ್ಷದ ಅತ್ಯಧಿಕ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಅಕ್ಟೋಬರಿನಲ್ಲಿಯೂ ಅದು ಕಡಮೆಯೇನಲ್ಲ. ಮುಂಗಾರು ಹಿಂಗಾರುಗಳೆರಡನ್ನೂ ಕುಡಿದು ತೊಯ್ದುನಿಂತ ಗೋಡೆಗೆ, ಕೂಲಿ ಅತ್ಯಂತ ತುಟ್ಟಿಯಾದ ವಾರದಲ್ಲಿ ನಾವು ಬಣ್ಣ ಬಳಿಸುತ್ತೇವೆ. ಬಳಿದ ಮರುದಿನವೇ ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆದು, ಹೊಸ ಬಣ್ಣದ ಬುಡಕ್ಕೆ ರಕ್ತವರ್ಣದ ಸಿಂಪರಣೆಯನ್ನೂ ಮಾಡುತ್ತೇವೆ. ಪೂಜೆ ಅಶ್ವಯುಜದಲ್ಲಿಯೇ ನಡೆಯಲಿ. ಬಣ್ಣ ಮಾತ್ರ ಸಂಕ್ರಾಂತಿಯ ಬಳಿಕ, ಯುಗಾದಿಯ ಒಳಗೆ, ಗೋಡೆ ಚೆನ್ನಾಗಿ ಒಣಗಿ ಮಾವಿನ ಮಳೆ ಇನ್ನೂ ಬಾರದಿರುವ ಆ ಎರಡು ತಿಂಗಳುಗಳಲ್ಲಿ ಆಗಲಿ. ಹೊಸ ಗೋಡೆಯಾದರೆ ಗಾರೆ ಹಾಕಿದ ನಾಲ್ಕು ವಾರಗಳಾದರೂ ಕಳೆಯಬೇಕು. ಹಸಿ ಸಿಮೆಂಟಿನ ಕ್ಷಾರವು ಬಣ್ಣವನ್ನು ಬಿಳುಪಿಸಿ ತೇಪೆ ತೇಪೆಯಾಗಿಸುತ್ತದೆ.

ಗೇಟಿನ ವಿಷಯ ಬೇರೆ. ಅಲ್ಲಿ ಶತ್ರು ತುಕ್ಕು. ವೆಲ್ಡಿಂಗ್ ಅಂಗಡಿಯಿಂದ ಗೇಟು ಬರುವಾಗ ಅದರ ಮೇಲೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್ ಇರುತ್ತದೆ. ಅದು ಪ್ರೈಮರು ಮಾತ್ರ. ಮೇಲೆ ಎನಾಮೆಲ್ ಬೀಳದೆ ತಿಂಗಳುಗಟ್ಟಲೆ ಬಿಸಿಲು ಮಳೆಗೆ ನಿಂತರೆ ತುಕ್ಕು ಅದರ ಅಡಿಯಲ್ಲಿಯೇ ಮೊಳೆಯುತ್ತದೆ. ವೆಲ್ಡಿಂಗಿನ ಗಂಟುಗಳ ಕಿಟ್ಟವನ್ನು ತೆಗೆಯದೆ ಬಳಿದ ಬಣ್ಣ ಮೊದಲು ಏಳುವುದು ಆ ಗಂಟುಗಳಲ್ಲಿಯೇ. ವೈರ್ ಬ್ರಷ್ಷಿನಿಂದ ಉಜ್ಜುವ ಒಂದು ದಿನದ ಕೂಲಿಯನ್ನು ಉಳಿಸಿದವನು ಮುಂದಿನ ವರ್ಷ ಇಡೀ ಗೇಟನ್ನು ಮತ್ತೆ ಬಳಿಸುತ್ತಾನೆ. ಹಣವುಳ್ಳವರಿಗೆ ಪೀಣ್ಯದಲ್ಲಿ ಇನ್ನೆರಡು ಮಾರ್ಗಗಳಿವೆ. ಒಂದು, ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವ ಗ್ಯಾಲ್ವನೈಸಿಂಗು: ಸತುವು ತಾನು ಸವೆಯುತ್ತ ಕಬ್ಬಿಣವನ್ನು ಕಾಯುತ್ತದೆ. ಆದರೆ ಅದರ ನಯವಾದ ಮೈಗೆ ಸಾಮಾನ್ಯ ಪ್ರೈಮರು ಕಚ್ಚದು. ಎಚ್ ಪ್ರೈಮರೆಂಬ ಬೇರೆಯದೇ ಬೇಕು. ಮತ್ತೊಂದು ಪೌಡರ್ ಕೋಟಿಂಗು: ವಿದ್ಯುದಾವೇಶದಿಂದ ಪುಡಿಬಣ್ಣವನ್ನು ಲೋಹಕ್ಕೆ ಅಂಟಿಸಿ, 200 ಡಿಗ್ರಿಯ ಆಸುಪಾಸಿನಲ್ಲಿ ಒಲೆಯಲ್ಲಿ ಬೇಯಿಸುವುದು. ನೋಡಲು ಬಹು ಸೊಗಸು; ಆದರೆ ಒಮ್ಮೆ ಗೀರುಬಿದ್ದು ಒಳಗೆ ತುಕ್ಕು ಸೇರಿತೆಂದರೆ ಮನೆಯಲ್ಲಿಯೇ ಸರಿಪಡಿಸುವುದು ದುಸ್ಸಾಧ್ಯ, ಗೇಟನ್ನೇ ಕಳಚಿ ಒಯ್ಯಬೇಕು. ಹಳೆಯ ಗೇಟನ್ನು ಉಜ್ಜಿಸುವವರಿಗೆ ಇನ್ನೊಂದು ಮಾತು: ಬಣ್ಣದಲ್ಲಿ ಸೀಸವು 90 ಪಿಪಿಎಂ ಮೀರಕೂಡದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮೆಲ್ಲಿನ ಧೂಳು ಮಕ್ಕಳ ಬಳಿ ಹಾರದಂತೆ ನೀರು ಸೋಕಿಸಿ ಉಜ್ಜಿಸಬೇಕು.

ಗೇಟಿನ ಅಳತೆಯಲ್ಲಿ ಜಗಳ ಹುಟ್ಟದ ಮನೆ ಅಪರೂಪ. ಸರಳುಗಳ ನಡುವೆ ಬರಿಯ ಗಾಳಿಯಿರುವಾಗ ಪೂರ್ತಿ ಚದರಡಿಗೆ ಹಣವೇಕೆಂದು ಯಜಮಾನ. ಎರಡು ಮುಖಕ್ಕೂ ಸೇರಿ ಇಮ್ಮಡಿ ಕೊಡಿರೆಂದು ಮೇಸ್ತ್ರಿ. ಕೇಂದ್ರ ಲೋಕೋಪಯೋಗಿ ಇಲಾಖೆಯು ಇದಕ್ಕೆ ಹಿಂದೆಯೇ ನ್ಯಾಯ ಹೇಳಿಟ್ಟಿದೆ: ಸರಳಿನ ಗೇಟು, ಗ್ರಿಲ್ಲು, ಕಟಕಟೆಗಳನ್ನು ಸುತ್ತಲೂ ಬಳಿದರೆ ಚಪ್ಪಟೆ ಅಳತೆಯ ಒಂದರಷ್ಟು, ಎಳೆದು ಮಡಚುವ ಕೊಲ್ಯಾಪ್ಸಿಬಲ್ ಗೇಟಿಗೆ ಒಂದೂವರೆಯಷ್ಟು, ಮರದ ಜಾಲರಿಗೆ ಎರಡರಷ್ಟು. ಸರಳುಗಳ ನಡುವಣ ಗಾಳಿಯೂ ಹಿಂಬದಿಯ ಮೈಯೂ ಒಂದಕ್ಕೊಂದು ವಜಾ ಆಗುತ್ತವೆಂಬುದೇ ಇದರ ತರ್ಕ. ನಮ್ಮ 10×5ರ ಗೇಟು ಹಾಗಾದರೆ 50 ಚದರಡಿ. ನೂರಲ್ಲ, ಇಪ್ಪತ್ತೈದೂ ಅಲ್ಲ.

ಮರದ ಬೇಲಿ ಇಲ್ಲಿ ವಿರಳ. ವೈಟ್‌ಫೀಲ್ಡಿನ ವಿಲ್ಲಾಗಳಲ್ಲಿ, ಕೆಲವು ಹಳೆಯ ಬಂಗಲೆಗಳ ಜಾಲರಿಗಳಲ್ಲಿ ಕಾಣಬಹುದು. ಸಮುದ್ರಮಟ್ಟಕ್ಕೆ 900 ಮೀಟರು ಮೇಲಿನ ಈ ಪ್ರಸ್ಥಭೂಮಿಯ ಬಿಸಿಲು ಮರದ ಮೇಲ್ಪದರವನ್ನು ಸುಟ್ಟು ಬೂದಿಬಣ್ಣಕ್ಕೆ ತಿರುಗಿಸುತ್ತದೆ. ವಾರ್ನಿಷಿನ ಪೊರೆ ಬಿರಿದು ಏಳುತ್ತದೆ. ನಾರಿನೊಳಕ್ಕೆ ಇಂಗುವ ಸ್ಟೇನು ಏಳದೆ, ಬರಿದೆ ಮಾಸುತ್ತದೆ, ಆದುದರಿಂದ ಕೆರೆಯುವ ಕೂಲಿ ಉಳಿಯುತ್ತದೆ. ಕರಾವಳಿಯವರು ದೋಣಿಗೂ ಮರಮುಟ್ಟಿಗೂ ಗೇರೆಣ್ಣೆ ಹಚ್ಚುತ್ತಿದ್ದುದು ಇದೇ ತತ್ತ್ವದಿಂದ.

ಬಳಿಯುವವನ ಮಾತನ್ನೂ ಹೇಳಬೇಕು. ಬಣ್ಣದ ಡಬ್ಬಿಯೊಳಗೆ ಪೇಂಟರಿಗೆಂದು ಟೋಕನ್ ಇರಿಸುವ ಪದ್ಧತಿ ಈ ವ್ಯಾಪಾರದಲ್ಲಿ ಬಹುಕಾಲದ್ದು. ಈಗ ಅದು ಫೋನಿನಲ್ಲಿ ಸ್ಕ್ಯಾನ್ ಮಾಡುವ ಚೌಕಟ್ಟಾಗಿದೆ. ‘ಸಾರ್, ಈ ಕಂಪನಿದೇ ತಗೊಳಿ’ ಎಂದು ಪೇಂಟರು ಹಟ ಹಿಡಿಯುವುದರಲ್ಲಿ ಬಣ್ಣದ ಗುಣದೊಡನೆ ಟೋಕನ್ನಿನ ಗುಣವೂ ಸೇರಿರಬಹುದು. ಅದನ್ನು ಅಪರಾಧವೆಂದು ನಾನು ಎಣಿಸಲಾರೆ; ಮಳೆ ಬಂದ ದಿನ ಕೂಲಿಯಿಲ್ಲದವನಿಗೆ ಅದೊಂದು ಆಸರೆ. ಆದರೆ ‘ಲೇಬರ್ ಕಾಂಟ್ರಾಕ್ಟು’ ಮಾತ್ರ ಕೊಟ್ಟು ಸಾಮಾನನ್ನು ತಾವೇ ತರುವವರು ಈ ಗುಟ್ಟನ್ನು ತಿಳಿದಿರುವುದು ಒಳ್ಳೆಯದು. ಸಾಮಾನು ಸಹಿತ ಗುತ್ತಿಗೆ ಕೊಟ್ಟವರು ಮತ್ತೊಂದನ್ನು ತಿಳಿದಿರಬೇಕು: ಅತಿಯಾಗಿ ಚೌಕಾಸಿ ಮಾಡಿ ಕಿತ್ತ ಹಣವು ಎರಡನೆಯ ಕೋಟಿಗೆ ಬೆರೆಸುವ ನೀರಿನಲ್ಲಿ ಮೇಸ್ತ್ರಿಗೆ ಹಿಂದಿರುಗುತ್ತದೆ.

ಅಪಾರ್ಟ್‌ಮೆಂಟು ವಾಸಿಗಳಿಗೆ ಈ ಪಾಡಿಲ್ಲ. 5 ಎಕರೆಯ ಚೌಕದ ಸಂಕೀರ್ಣವೊಂದರ ಸುತ್ತಳತೆ ಸುಮಾರು 1,870 ಅಡಿ. ಅಷ್ಟೇ ನೆಲವನ್ನು, ರಸ್ತೆ ಉದ್ಯಾನಗಳಿಗೆ ಬಿಟ್ಟು, ನೂರು ಸೈಟುಗಳಾಗಿ ಸೀಳಿದರೆ ಗೋಡೆ 14,000 ಅಡಿ; ನೆರೆಹೊರೆಯವರು ಒಂದೊಂದು ಗೋಡೆಯನ್ನು ಹಂಚಿಕೊಂಡರೂ 7,000 ಅಡಿಗೆ ಕಡಮೆಯಾಗದು. ಅಷ್ಟಾಗಿಯೂ ವಾರ್ಷಿಕ ಸಭೆಯಲ್ಲಿ ಅತ್ಯಂತ ದೀರ್ಘವಾದ ಚರ್ಚೆ ಕಾಂಪೌಂಡಿನ ಬಣ್ಣವನ್ನು ಕುರಿತೇ ನಡೆಯುತ್ತದೆ, ವೆಚ್ಚಕ್ಕಲ್ಲ, ಬೀಜ್ ವರ್ಣವೋ ಬೂದುವರ್ಣವೋ ಎಂಬುದಕ್ಕೆ.

ಬೀದಿಯ ಮುಖಕ್ಕೆ ಇನ್ನೊಂದು ವ್ಯಯವಿದೆ. ಪಿ.ಜಿ. ಜಾಹೀರಾತು, ಬೋರ್‌ವೆಲ್ಲಿನವರ ಸ್ಟೆನ್ಸಿಲ್ಲು, ಮನೆ ಸಾಗಣೆಯವರ ಚೀಟಿ. ಪ್ರತಿಯೊಂದನ್ನು ಕಿತ್ತಾಗಲೂ ಬಣ್ಣದ ಒಂದು ಚಕ್ಕೆ ಜೊತೆಗೆ ಬರುತ್ತದೆ. ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕರ್ನಾಟಕದ ಕಾನೂನು 1981ರದು. ಚೀಟಿ ಅಂಟಿಸುವವರು ಅದನ್ನು ಓದಿರುವಂತೆ ಕಾಣುವುದಿಲ್ಲ. ಮೂತ್ರಕ್ಕೆ ನಿಲ್ಲುವವರನ್ನು ತಡೆಯಲು ಸರ್ವಧರ್ಮದ ದೇವರುಗಳ ಟೈಲ್ಸುಗಳನ್ನು ಬುಡಕ್ಕೆ ಕೂರಿಸುವ ಉಪಾಯ ಸ್ವಲ್ಪಮಟ್ಟಿಗೆ ಫಲಿಸಿದೆ. 2009ರ ಸುಮಾರಿಗೆ ಮಹಾನಗರ ಪಾಲಿಕೆಯು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಂದ ನಗರದ ಗೋಡೆಗಳ ಮೇಲೆ ಹಂಪಿ, ಜೋಗ, ಆನೆ, ಹುಲಿಗಳನ್ನು ಬರೆಸಿತು. ಮೇಲ್ವರ್ಗದ ರಸಿಕರು ಮೂಗು ಮುರಿದರೂ, ಆ ಚಿತ್ರಗಳ ಮೇಲೆ ಚೀಟಿ ಅಂಟಿಸಲು ಜನ ಹಿಂಜರಿದರೆಂಬುದು ಸುಳ್ಳಲ್ಲ.

ಉಳಿದುದು ಆ ಅನಾಥ ಮುಖ. ಪಕ್ಕದ ಸೈಟಿನ ಕಡೆಗಿರುವ ಮೈಯನ್ನು ನಾವು ಬಳಿಸುವುದಿಲ್ಲ, ಕಾಣುವುದಿಲ್ಲವಲ್ಲ ಎಂದು. ಪಕ್ಕದವರು ಬಳಿಸುವುದಿಲ್ಲ, ಗೋಡೆ ತಮ್ಮದಲ್ಲವಲ್ಲ ಎಂದು. ಸೈಟು ಖಾಲಿಯಿದ್ದರೆ ಅಲ್ಲಿ ಪಾರ್ಥೇನಿಯಂ ಬೆಳೆದು, ಯಾರದೋ ಪಾಯದ ಮಣ್ಣು ಬಂದು ಗೋಡೆಗೆ ಒರಗುತ್ತದೆ. ಆ ಬರಿಮೈಯಿಂದ ಕುಡಿದ ಮಳೆಯೇ ಈಚೆ ಬದಿಯ ದುಬಾರಿ ಬಣ್ಣವನ್ನು ಹಿಂದಿನಿಂದ ನೂಕಿ ಉದುರಿಸುವುದು. ಹೊರಗಣ ಮುಖವನ್ನು ಬಿಟ್ಟು ಒಳಮುಖಕ್ಕೆ ಮಾಡಿದ ವೆಚ್ಚವು ಅರ್ಧ ವ್ಯರ್ಥವೆಂಬುದನ್ನು ಒಪ್ಪಿದ ಮೇಲೆ, ನೆರೆಯವರ ಬಾಗಿಲು ತಟ್ಟಿ, ‘ನಿಮ್ಮ ಕಡೆಯಿಂದ ಒಂದು ದಿನ ಕೆಲಸ ಮಾಡಿಸಿಕೊಳ್ಳುತ್ತೇವೆ’ ಎಂದು ಅನುಮತಿ ಕೇಳುವುದೊಂದೇ ಬಾಕಿ. ಒಂದು ಪಕ್ಕದ ಮಟ್ಟಿಗೆ ಬಣ್ಣಕ್ಕೆ ಬೇರೆ ಖರ್ಚೂ ಬೇಕಾಗಿಲ್ಲ. 20 ಲೀಟರಿನ ಬಕೆಟಿನಲ್ಲಿ 16 ಚಿಲ್ಲರೆ ಲೀಟರು ಖರ್ಚಾಗಿ ಮೂರೂವರೆ ಲೀಟರಿಗೂ ಮೇಲೆ ಉಳಿದಿದೆ. ಅದು ಎರಡು ಕೋಟಿನಲ್ಲಿ 180 ಚದರಡಿಯಷ್ಟು ಹಬ್ಬುತ್ತದೆ, ಒಂದು ಪಕ್ಕದ ಹೊರಮೈ ಇರುವುದು 200. ಕೊರತೆ ಬಿದ್ದುದನ್ನು ಬುಡದಲ್ಲಿ ಸುಣ್ಣ ಹೊಡೆಸಿ ಸರಿತೂಗಿಸಿಕೊಳ್ಳಬಹುದು. ಆ ಉಳಿದ ಬಣ್ಣವನ್ನು ಸಾಮಾನ್ಯವಾಗಿ ಮೆಟ್ಟಿಲ ಕೆಳಗಿಟ್ಟು ಮೂರನೆಯ ವರ್ಷ ಗಟ್ಟಿಯಾದ ಮೇಲೆ ಎಸೆಯುತ್ತಾರೆ.